ಅಂಕಪಟ್ಟಿಯ ಸಾಕ್ಷ್ಯ: ವಿಲ್ಟ್ ಚೇಂಬರ್ಲೇನ್ ಅವರ ನೂರು ಅಂಕಗಳ ಪಂದ್ಯ

1962ರ ಮಾರ್ಚ್ 2ರ ಶುಕ್ರವಾರ ರಾತ್ರಿ ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಹರ್ಷಿ ಎಂಬ ಸಣ್ಣ ಊರಿನಲ್ಲಿ ಫಿಲಡೆಲ್ಫಿಯ ವಾರಿಯರ್ಸ್ ಮತ್ತು ನ್ಯೂಯಾರ್ಕ್ ನಿಕ್ಸ್ ತಂಡಗಳ ನಡುವೆ ವೃತ್ತಿಪರ ಬಾಸ್ಕೆಟ್‌ಬಾಲ್ ಪಂದ್ಯವೊಂದು ನಡೆಯಿತು. ಚಾಕೊಲೇಟ್ ತಯಾರಿಕೆಯಿಂದ ಹೆಸರಾದ ಆ ಊರು ವಾರಿಯರ್ಸ್ ತಂಡದ ನೆಲೆಯಾಗಿರಲಿಲ್ಲ. ಹೊಸ ಪ್ರೇಕ್ಷಕರನ್ನು ಸೆಳೆಯುವ ಉದ್ದೇಶದಿಂದ ತಂಡದವರು ವರ್ಷಕ್ಕೆ ಕೆಲವು ಪಂದ್ಯಗಳನ್ನು ಅಲ್ಲಿ ಆಡುತ್ತಿದ್ದರು. ಅಂದು ಬಂದಿದ್ದವರು 4,124 ಮಂದಿ. ದೂರದರ್ಶನದ ಕ್ಯಾಮೆರಾ ಇರಲಿಲ್ಲ. ಪಂದ್ಯದ ಚಲನಚಿತ್ರವೂ ಉಳಿದುಬಂದಿಲ್ಲ. ಫಿಲಡೆಲ್ಫಿಯ ತಂಡ 169–147ರಿಂದ ಗೆದ್ದಿತು. ಆ 169ರಲ್ಲಿ 100 ಅಂಕಗಳನ್ನು ವಿಲ್ಟ್ ಚೇಂಬರ್ಲೇನ್ ಎಂಬ ಒಬ್ಬನೇ ಆಟಗಾರ ಗಳಿಸಿದ್ದರು. ಆರು ದಶಕಗಳಿಗೂ ಮೀರಿದ ಕಾಲ ಕಳೆದರೂ ಎನ್.ಬಿ.ಎ. ಎಂದು ಹೆಸರಾದ ಆ ಸಂಘದ ಪಂದ್ಯಗಳಲ್ಲಿ ಇನ್ನಾರೂ ಆ ಸಂಖ್ಯೆಯನ್ನು ಮುಟ್ಟಿಲ್ಲ.

ಕಣ್ಣಿಗೆ ಕಾಣುವ ದಾಖಲೆಯಿಲ್ಲದ ಈ ಘಟನೆಗೆ ಇಂದು ಮುಖ್ಯ ಆಧಾರವಾಗಿ ಉಳಿದಿರುವುದು ಒಂದು ಹಾಳೆಯಷ್ಟೇ ಉದ್ದದ ಅಂಕಪಟ್ಟಿ. ಇಂಗ್ಲಿಷಿನಲ್ಲಿ ಇದನ್ನು ‘ಬಾಕ್ಸ್ ಸ್ಕೋರ್’ ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಬೇಸ್‌ಬಾಲ್ ಆಟಕ್ಕಾಗಿ ಹೆನ್ರಿ ಚಾಡ್ವಿಕ್ ಎಂಬ ಪತ್ರಕರ್ತ ರೂಢಿಗೆ ತಂದ ಪಟ್ಟಿಯ ಪದ್ಧತಿಯೇ ಮುಂದೆ ಬಾಸ್ಕೆಟ್‌ಬಾಲಿಗೂ ಬಂದಿತು. ಎಡಗಡೆ ಆಟಗಾರರ ಹೆಸರು, ಬಲಗಡೆ ಸಂಖ್ಯೆಗಳ ಕಂಬಸಾಲು, ಕೆಳಗೆ ತಂಡದ ಮೊತ್ತ. ನೋಡುವುದಕ್ಕೆ ಅಂಗಡಿಯ ಲೆಕ್ಕದ ಪುಸ್ತಕದಂತೆ ನೀರಸವಾದ ಈ ಪಟ್ಟಿಯನ್ನು ಶಾಸನವೊಂದನ್ನು ಓದುವ ಎಚ್ಚರದಿಂದ ಓದಿದರೆ ಅದು ಎಷ್ಟನ್ನು ಹೇಳುತ್ತದೆ, ಎಲ್ಲಿ ಮೌನವಾಗುತ್ತದೆ ಎಂಬುದು ತಿಳಿಯುತ್ತದೆ. ಎರಡನೆಯದು ಮೊದಲನೆಯದಷ್ಟೇ ಮುಖ್ಯವಾದುದು.

ಮೊದಲು ಪಟ್ಟಿಯ ಪರಿಭಾಷೆಯನ್ನು ಸಂಕ್ಷೇಪವಾಗಿ ನೋಡಬಹುದು. ಆಟ ನಡೆಯುತ್ತಿರುವಾಗಲೇ ಚೆಂಡನ್ನು ಬುಟ್ಟಿಗೆ ಹಾಕಿದರೆ ಅದು ‘ಫೀಲ್ಡ್ ಗೋಲ್’. 1962ರಲ್ಲಿ ಅದಕ್ಕೆ ಎಲ್ಲಿಂದ ಎಸೆದರೂ ಎರಡೇ ಅಂಕ. ದೂರದಿಂದ ಎಸೆದುದಕ್ಕೆ ಮೂರು ಅಂಕ ಕೊಡುವ ನಿಯಮ ಎನ್.ಬಿ.ಎ.ಗೆ ಬಂದದ್ದು 1979–80ರ ಋತುವಿನಲ್ಲಿ. ಎದುರಾಳಿಯ ಫೌಲಿನಿಂದಾಗಿ ಯಾರ ಅಡ್ಡಿಯೂ ಇಲ್ಲದೆ ಎಸೆಯಲು ದೊರೆಯುವ ಅವಕಾಶ ‘ಫ್ರೀ ಥ್ರೋ’. ಅದಕ್ಕೆ ಒಂದು ಅಂಕ. ಗುರಿ ತಪ್ಪಿ ಹಿಂದಿರುಗಿದ ಚೆಂಡನ್ನು ಹಿಡಿದರೆ ‘ರೀಬೌಂಡ್’, ಜೊತೆಗಾರನ ಗೋಲಿಗೆ ನೇರವಾಗಿ ಕಾರಣವಾಗುವ ಪಾಸ್ ಕೊಟ್ಟರೆ ‘ಅಸಿಸ್ಟ್’. ಇವುಗಳಲ್ಲಿ ಮೊದಲಿನವು ಎಣಿಕೆಗೆ ಸಿಗುವಂಥವು. ಅಸಿಸ್ಟ್ ಮಾತ್ರ ಬರೆಯುವವನ ತೀರ್ಮಾನವನ್ನು ಅವಲಂಬಿಸಿದ್ದು. ಪಾಸ್ ಪಡೆದವನು ಒಂದೆರಡು ಹೆಜ್ಜೆ ಹಾಕಿ, ಎದುರಾಳಿಯನ್ನು ವಂಚಿಸಿ ಗೋಲು ಮಾಡಿದರೆ ಪಾಸ್ ಕೊಟ್ಟವನಿಗೆ ಪಾಲು ಸಲ್ಲಬೇಕೇ ಎಂಬುದು ಇಂದಿಗೂ ವಾದಕ್ಕೆ ಎಡೆಯಿರುವ ಪ್ರಶ್ನೆಯೇ.

ಈಗ ಪಟ್ಟಿಗೆ ಬರೋಣ. ಚೇಂಬರ್ಲೇನ್ ಅವರ ಹೆಸರಿನ ಎದುರು 48 ನಿಮಿಷ ಎಂದಿದೆ. ಎಂದರೆ ಅವರು ಒಂದು ಕ್ಷಣವೂ ಹೊರಗೆ ಕೂರಲಿಲ್ಲ. ಫೀಲ್ಡ್ ಗೋಲಿಗಾಗಿ 63 ಸಲ ಎಸೆದು 36 ಸಲ ಯಶಸ್ಸು ಪಡೆದರು. ಫ್ರೀ ಥ್ರೋ 32ರಲ್ಲಿ 28. ರೀಬೌಂಡ್ 25, ಅಸಿಸ್ಟ್ 2. ಮೂವತ್ತಾರರ ಇಮ್ಮಡಿ ಎಪ್ಪತ್ತೆರಡು, ಅದಕ್ಕೆ ಇಪ್ಪತ್ತೆಂಟು ಕೂಡಿದರೆ ನೂರು. ಲೆಕ್ಕ ಸರಿಹೊಂದುತ್ತದೆ. ಉಳಿದ ಅರವತ್ತೊಂಬತ್ತು ಅಂಕಗಳು ಅಲ್ ಆಟಲ್ಸ್ (17), ಪಾಲ್ ಅರಿಜಿನ್ (16), ಟಾಮ್ ಮೆಶೆರಿ (16), ಗೈ ರಾಜರ್ಸ್ (11) ಮತ್ತು ಯಾರ್ಕ್ ಲಾರೀಸ್ (9) ಅವರಿಗೆ ಹಂಚಿಹೋಗಿವೆ. ನ್ಯೂಯಾರ್ಕಿನ ಪರವಾಗಿ ರಿಚಿ ಗೆರಿನ್ 39, ಕ್ಲೀವ್‌ಲ್ಯಾಂಡ್ ಬಕ್ನರ್ 33, ವಿಲಿ ನಾಲ್ಸ್ 31 ಅಂಕ ಗಳಿಸಿದರು. ಒಂದೇ ತಂಡದ ಮೂವರು ಮೂವತ್ತನ್ನು ದಾಟಿದ ರಾತ್ರಿ ಅದೆಂಬುದು ಚೇಂಬರ್ಲೇನ್ ಅವರ ನೂರರ ನೆರಳಿನಲ್ಲಿ ಮರೆಯಾಗಿಹೋಗಿದೆ.

ಈ ಆಟವನ್ನು ನಾಲ್ಕು ಕ್ವಾರ್ಟರುಗಳಾಗಿ ಬಿಡಿಸಿದಾಗ ನೂರು ಹೇಗೆ ಬೆಳೆಯಿತೆಂಬುದು ಸ್ಪಷ್ಟವಾಗುತ್ತದೆ. ಮೊದಲ ಕ್ವಾರ್ಟರಿನಲ್ಲಿ 23, ಎರಡನೆಯದರಲ್ಲಿ 18, ಮೂರನೆಯದರಲ್ಲಿ 28, ಕೊನೆಯದರಲ್ಲಿ 31. ಅರ್ಧ ಆಟ ಮುಗಿದಾಗ ಅವರ ಅಂಕ 41. ಆ ಋತುವಿನ ಚೇಂಬರ್ಲೇನ್ ಅವರಿಗೆ ಇದು ಅಚ್ಚರಿಯ ಸಂಖ್ಯೆಯೇನಲ್ಲ. ಆಗ ತಂಡಗಳ ಸ್ಥಿತಿ 79–68. ಮೂರನೆಯ ಕ್ವಾರ್ಟರಿನ ಕೊನೆಗೆ 125–106. ಹತ್ತೊಂಬತ್ತು ಅಂಕಗಳ ಅಂತರ ಬಂದಮೇಲೆ ಗೆಲುವಿನ ಪ್ರಶ್ನೆ ಬಹುಮಟ್ಟಿಗೆ ಮುಗಿದಿತ್ತು. ಅಲ್ಲಿಂದ ಮುಂದೆ ಅಂಗಣದಲ್ಲಿ ನಡೆದದ್ದು ಬೇರೆಯೇ ಒಂದು ಸ್ಪರ್ಧೆ.

ಕೊನೆಯ ಕ್ವಾರ್ಟರಿನ ಸಂಖ್ಯೆಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಆ ಹನ್ನೆರಡು ನಿಮಿಷಗಳಲ್ಲಿ ಚೇಂಬರ್ಲೇನ್ 21 ಸಲ ಎಸೆದರು. ಅದಕ್ಕೆ ಮೊದಲಿನ ಮೂರು ಕ್ವಾರ್ಟರುಗಳಲ್ಲಿ ಅವರ ಎಸೆತಗಳು ಕ್ರಮವಾಗಿ 14, 12 ಮತ್ತು 16. ಎಂದರೆ, ಜೊತೆಗಾರರು ಉದ್ದೇಶಪೂರ್ವಕವಾಗಿ ಚೆಂಡನ್ನು ಅವರಿಗೇ ತಲುಪಿಸತೊಡಗಿದ್ದರು. ಪ್ರೇಕ್ಷಕರು ಚೆಂಡನ್ನು ವಿಲ್ಟ್‌ಗೆ ಕೊಡಿ ಎಂದು ಕೂಗುತ್ತಿದ್ದರು. ಧ್ವನಿವರ್ಧಕದಲ್ಲಿ ಅವರ ಅಂಕ ಏರಿದಂತೆಲ್ಲ ಪ್ರಕಟಣೆ ಬರುತ್ತಿತ್ತು. ನಿಕ್ಸ್ ಆಟಗಾರರು ಇದನ್ನು ತಪ್ಪಿಸಲು ಚೇಂಬರ್ಲೇನ್ ಅವರನ್ನು ಬಿಟ್ಟು ಉಳಿದ ವಾರಿಯರ್ಸ್ ಆಟಗಾರರ ಮೇಲೆ ಬೇಕೆಂದೇ ಫೌಲ್ ಮಾಡಿದರು. ಆಗ ಫ್ರೀ ಥ್ರೋ ಎಸೆಯುವವನು ಬೇರೆಯವನಾಗುತ್ತಾನೆ, ನೂರರ ದಾರಿ ಅಷ್ಟರಮಟ್ಟಿಗೆ ದೂರವಾಗುತ್ತದೆ. ಇದಕ್ಕೆ ಪ್ರತಿಯಾಗಿ ವಾರಿಯರ್ಸ್ ತಂಡದವರು, ದೊಡ್ಡ ಅಂತರದಿಂದ ಮುಂದಿದ್ದರೂ, ಚೆಂಡನ್ನು ಬೇಗ ಮರಳಿ ಪಡೆಯಲೆಂದು ನಿಕ್ಸ್ ಆಟಗಾರರ ಮೇಲೆ ಫೌಲ್ ಮಾಡತೊಡಗಿದರು. ಸಾಮಾನ್ಯವಾಗಿ ಸೋಲುತ್ತಿರುವ ತಂಡ ಅನುಸರಿಸುವ ಉಪಾಯವನ್ನು ಗೆಲ್ಲುತ್ತಿದ್ದ ತಂಡ ಅನುಸರಿಸಿದ ವಿಚಿತ್ರ ಸನ್ನಿವೇಶವಿದು.

ಈ ಸಂಗತಿಯ ಗುರುತು ಪಟ್ಟಿಯಲ್ಲಿಯೂ ಇದೆ, ಹುಡುಕುವವರಿಗೆ ಸಿಗುತ್ತದೆ. ವಾರಿಯರ್ಸ್ 52 ಫ್ರೀ ಥ್ರೋ ಎಸೆದರೆ ನಿಕ್ಸ್ 41 ಎಸೆದರು. ಗೈ ರಾಜರ್ಸ್ ಇಡೀ ಪಂದ್ಯದಲ್ಲಿ ಬುಟ್ಟಿಯತ್ತ ಎಸೆದದ್ದು ನಾಲ್ಕೇ ಸಲ. ಆದರೆ ಫ್ರೀ ಥ್ರೋ ರೇಖೆಯಲ್ಲಿ ನಿಂತು ಎಸೆದದ್ದು ಹನ್ನೆರಡು ಸಲ. ಎದುರಾಳಿ ಪಾಳಯದ ಗೆರಿನ್ 17ರಲ್ಲಿ 13, ನಾಲ್ಸ್ 15ರಲ್ಲಿ 13 ಫ್ರೀ ಥ್ರೋ ಗಳಿಸಿದರು. ಹಿಂದಿನ ಕಾರಣವನ್ನು ತಿಳಿಯದೆ ಈ ಸಂಖ್ಯೆಗಳನ್ನು ಓದಿದವರು ಅಂದಿನ ಆಟ ಬರೀ ಒರಟಾಗಿತ್ತೆಂದು ಭಾವಿಸಬಹುದು. ಪಟ್ಟಿ ಸುಳ್ಳು ಹೇಳುವುದಿಲ್ಲ. ಆದರೆ ಏಕೆ ಎಂಬ ಪ್ರಶ್ನೆಗೆ ಅದರಲ್ಲಿ ಕಂಬಸಾಲಿಲ್ಲ.

ಇಲ್ಲಿಯೇ ವಿಮರ್ಶಕರ ಆಕ್ಷೇಪ ಹುಟ್ಟುವುದು. ಕೊನೆಯ ಭಾಗ ಆಟವೇ ಅಲ್ಲ, ದಾಖಲೆಗಾಗಿ ಹೂಡಿದ ನಾಟಕ. ಆದ್ದರಿಂದ ನೂರು ಎಂಬುದು ಕೃತಕವಾದುದು ಎಂಬ ವಾದವನ್ನು ಹಲವರು ಮಂಡಿಸಿದ್ದಾರೆ. ಎದುರಾಳಿಯ ದೌರ್ಬಲ್ಯವೂ ಇದಕ್ಕೆ ಸೇರುತ್ತದೆ. 80 ಪಂದ್ಯಗಳ ಆ ಋತುವಿನಲ್ಲಿ ನಿಕ್ಸ್ ಗೆದ್ದದ್ದು 29ನ್ನು ಮಾತ್ರ. ಅವರ ಮುಖ್ಯ ಸೆಂಟರ್ ಆಟಗಾರ ಫಿಲ್ ಜೋರ್ಡನ್ ಅಂದು ಆಡಲಿಲ್ಲ. ಅವರ ಸ್ಥಾನದಲ್ಲಿ ನಿಂತ ಡ್ಯಾರಲ್ ಇಮ್ಹಾಫ್ ಇಪ್ಪತ್ತೇ ನಿಮಿಷ ಆಡಿ, ಆರು ಫೌಲುಗಳಾಗಿ ಹೊರಹೋದರು. ಏಳು ಅಡಿ ಒಂದು ಅಂಗುಲ ಎತ್ತರದ ಚೇಂಬರ್ಲೇನ್ ಅವರ ಎದುರು ನಿಲ್ಲಬಲ್ಲ ಮೈಕಟ್ಟು ಉಳಿದವರಿಗೆ ಇರಲಿಲ್ಲ.

ಈ ಆಕ್ಷೇಪವನ್ನು ಭಾವನೆಯಿಂದ ಒಪ್ಪುವುದಾಗಲಿ ತಳ್ಳಿಹಾಕುವುದಾಗಲಿ ಸುಲಭ. ಪಟ್ಟಿಯನ್ನೇ ಕೇಳುವುದು ಹೆಚ್ಚು ಉಚಿತ. ಕೊನೆಯ ಕ್ವಾರ್ಟರನ್ನು ಪೂರ್ತಿಯಾಗಿ ಬದಿಗಿಟ್ಟರೂ ಮೂವತ್ತಾರು ನಿಮಿಷಗಳಲ್ಲಿ ಅವರು ಗಳಿಸಿದ್ದು 69. ಅಲ್ಲಿಯವರೆಗೆ 42 ಎಸೆತಗಳಲ್ಲಿ 24 ಯಶಸ್ವಿಯಾಗಿದ್ದವು. ಇದು ಶೇಕಡಾ 57. ಕೊನೆಯ ಕ್ವಾರ್ಟರಿನಲ್ಲಿ 21ರಲ್ಲಿ 12. ಅದೂ ಶೇಕಡಾ 57. ಎಸೆತಗಳ ಸಂಖ್ಯೆ ಏರಿದರೂ, ಎದುರಾಳಿಗಳೆಲ್ಲ ಅವರನ್ನೇ ಸುತ್ತುವರಿದಿದ್ದರೂ ಗುರಿಯ ನಿಖರತೆ ಕುಗ್ಗಲಿಲ್ಲ. ದಾಖಲೆಯ ಹಂಬಲ ಎಸೆತಗಳ ಸಂಖ್ಯೆಯನ್ನು ಹಿಗ್ಗಿಸಿತೆಂಬುದು ನಿಜ. ಆದರೆ ಎಸೆದುದನ್ನು ಬುಟ್ಟಿಗೆ ಬೀಳಿಸುವ ಕೆಲಸವನ್ನು ಆ ಹಂಬಲ ಸುಲಭಗೊಳಿಸಲಿಲ್ಲ.

ನಿಜವಾಗಿ ಅಸಹಜವಾದುದು ಬೇರೊಂದು ಕಂಬಸಾಲಿನಲ್ಲಿದೆ. ಚೇಂಬರ್ಲೇನ್ ಫ್ರೀ ಥ್ರೋ ಎಸೆತದಲ್ಲಿ ತೀರ ದುರ್ಬಲರೆಂದು ಹೆಸರಾದವರು. ಅವರ ವೃತ್ತಿಜೀವನದ ಸರಾಸರಿ ಶೇಕಡಾ 51ರಷ್ಟು ಮಾತ್ರ. ಆ ಋತುವಿನಲ್ಲಿ ಎರಡೂ ಕೈಗಳಿಂದ ಚೆಂಡನ್ನು ಕೆಳಗಿನಿಂದ ಮೇಲಕ್ಕೆ ತೂಗಿ ಎಸೆಯುವ ಹಳೆಯ ಶೈಲಿಯನ್ನು ಅವರು ಹಿಡಿದಿದ್ದರು. ಸರಾಸರಿ ಶೇಕಡಾ 61ಕ್ಕೆ ಏರಿತ್ತು. ಹರ್ಷಿಯ ರಾತ್ರಿ ಅದು ಶೇಕಡಾ 87.5. ಋತುವಿನ ಸರಾಸರಿಯಂತೆ ಎಸೆದಿದ್ದರೆ 32ರಲ್ಲಿ ಸುಮಾರು 20 ಬೀಳುತ್ತಿದ್ದವು. ಮೊತ್ತ 92ರ ಆಸುಪಾಸಿನಲ್ಲಿ ನಿಲ್ಲುತ್ತಿತ್ತು. ಒರಟು ಲೆಕ್ಕವಾದರೂ ಇದು ಒಂದು ಸತ್ಯವನ್ನು ತೋರಿಸುತ್ತದೆ: ತೊಂಬತ್ತರವರೆಗೆ ಅವರನ್ನು ಒಯ್ದದ್ದು ಅವರ ಎಂದಿನ ಸಾಮರ್ಥ್ಯ, ನೂರನ್ನು ಮುಟ್ಟಿಸಿದ್ದು ಅವರ ದೌರ್ಬಲ್ಯವೇ ಒಂದು ರಾತ್ರಿಯ ಮಟ್ಟಿಗೆ ಶಕ್ತಿಯಾದದ್ದು. ಆ ಯಶಸ್ವೀ ಶೈಲಿಯನ್ನು ಅವರು ಮುಂದೆ ಕೈಬಿಟ್ಟರು. ಅದು ಗಂಡಸರಿಗೆ ಒಪ್ಪುವ ಎಸೆತವಲ್ಲವೆಂಬ ಸಂಕೋಚವೇ ಕಾರಣವೆಂದು ಅವರೇ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಸಂಖ್ಯೆ ಒಂದನ್ನು ಹೇಳುತ್ತಿರುವಾಗ ಮನಸ್ಸು ಇನ್ನೊಂದನ್ನು ಕೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಕ್ರೀಡಾಲೋಕದಲ್ಲಿ ವಿರಳ.

ಕಾಲಮಾನದ ಪ್ರಶ್ನೆಯೂ ಒಂದಿದೆ. 1950ರ ನವೆಂಬರಿನಲ್ಲಿ ಫೋರ್ಟ್ ವೇನ್ ಮತ್ತು ಮಿನಿಯಾಪೊಲಿಸ್ ತಂಡಗಳ ನಡುವಣ ಪಂದ್ಯವೊಂದು 19–18ರಲ್ಲಿ ಮುಗಿದಿತ್ತು. ಮುನ್ನಡೆ ಪಡೆದವರು ಚೆಂಡನ್ನು ಬಿಡದೆ ಕಾಲ ತಳ್ಳುತ್ತಿದ್ದ ಕಾಲವದು. 1954ರಲ್ಲಿ ಸಿರಕ್ಯೂಸ್ ತಂಡದ ಮಾಲೀಕ ಡ್ಯಾನಿ ಬಯಾಸೋನ್ ಅವರ ಒತ್ತಾಯದಿಂದ, ಚೆಂಡು ಕೈಸೇರಿದ 24 ಸೆಕೆಂಡುಗಳೊಳಗೆ ಎಸೆಯಲೇಬೇಕೆಂಬ ನಿಯಮ ಬಂದಿತು. ಈ ಇಪ್ಪತ್ತನಾಲ್ಕರ ಮೂಲವೂ ಅಂಕಪಟ್ಟಿಯೇ ಎಂಬುದು ಸ್ವಾರಸ್ಯಕರ. ಚೆನ್ನಾಗಿ ನಡೆದ ಪಂದ್ಯಗಳಲ್ಲಿ ತಂಡವೊಂದು ಸುಮಾರು ಅರವತ್ತು ಸಲ ಎಸೆಯುವುದನ್ನು ಅವರು ಗಮನಿಸಿದ್ದರು. ಎರಡು ತಂಡಗಳಿಂದ 120. ಪಂದ್ಯದ 2,880 ಸೆಕೆಂಡುಗಳನ್ನು ಅದರಿಂದ ಭಾಗಿಸಿದರೆ 24. ನಿಯಮ ಬಂದಮೇಲೆ ಆಟದ ವೇಗ ಊಹೆಗೂ ಮೀರಿ ಹೆಚ್ಚಿತು. 1961–62ರಲ್ಲಿ ತಂಡವೊಂದು ಪ್ರತಿ ಪಂದ್ಯದಲ್ಲಿ ಸರಾಸರಿ ಸುಮಾರು 108 ಸಲ ಎಸೆಯುತ್ತಿತ್ತು. 2023–24ರಲ್ಲಿ ಆ ಸಂಖ್ಯೆ ಸುಮಾರು 89. ಹರ್ಷಿಯಲ್ಲಿ ವಾರಿಯರ್ಸ್ 115, ನಿಕ್ಸ್ 118 ಸಲ ಎಸೆದರು. ಆ ಕಾಲದ ಮಟ್ಟಿಗೂ ಇದು ವೇಗದ ಪಂದ್ಯವೇ. ಆದ್ದರಿಂದ ಆ ಯುಗದ ಅಂಕಗಳನ್ನೂ ರೀಬೌಂಡುಗಳನ್ನೂ ಇಂದಿನವರ ಸಂಖ್ಯೆಗಳೊಡನೆ ನೇರವಾಗಿ ಹೋಲಿಸುವುದು ಬೇರೆ ಬೇರೆ ಅಳತೆಗೋಲುಗಳಿಂದ ಅಳೆದ ಎರಡು ಹೊಲಗಳನ್ನು ಹೋಲಿಸಿದಂತೆ.

ಇಂಥ ತೊಡಕನ್ನು ಬಿಡಿಸಲೆಂದೇ ಇತ್ತೀಚಿನ ದಶಕಗಳಲ್ಲಿ ಹೊಸ ಸೂತ್ರಗಳು ರೂಪುಗೊಂಡಿವೆ. 2004ರಲ್ಲಿ ಪ್ರಕಟವಾದ ಡೀನ್ ಆಲಿವರ್ ಅವರ ಗ್ರಂಥ ಈ ದಿಕ್ಕಿನಲ್ಲಿ ಒಂದು ಮೈಲಿಗಲ್ಲು. ಎಷ್ಟು ಅಂಕ ಬಂತು ಎಂಬುದಕ್ಕಿಂತ, ಸಿಕ್ಕಿದ ಪ್ರತಿಯೊಂದು ಅವಕಾಶಕ್ಕೆ ಎಷ್ಟು ಅಂಕ ಬಂತು ಎಂಬುದನ್ನು ಕೇಳಬೇಕೆಂಬುದು ಈ ಚಿಂತನೆಯ ತಿರುಳು. ಅದರಲ್ಲಿ ಬಳಕೆಯಾಗುವ ಒಂದು ಸರಳ ಅಳತೆಯಂತೆ, ಫ್ರೀ ಥ್ರೋಗಳ ಸಂಖ್ಯೆಯನ್ನು 0.44ರಿಂದ ಗುಣಿಸಿ ಫೀಲ್ಡ್ ಗೋಲ್ ಎಸೆತಗಳಿಗೆ ಕೂಡಿಸಲಾಗುತ್ತದೆ; ಆ ಮೊತ್ತದ ಇಮ್ಮಡಿಯಿಂದ ಅಂಕಗಳನ್ನು ಭಾಗಿಸಿದರೆ ಎಸೆತದ ನಿಜವಾದ ಫಲವತ್ತತೆ ಶೇಕಡಾವಾರು ದೊರೆಯುತ್ತದೆ. ಚೇಂಬರ್ಲೇನ್ ಅವರ ನೂರಕ್ಕೆ ಇದನ್ನು ಅನ್ವಯಿಸಿದರೆ ಸುಮಾರು 65 ಬರುತ್ತದೆ. 2006ರ ಜನವರಿ 22ರಂದು ಟೊರಾಂಟೊ ತಂಡದ ವಿರುದ್ಧ ಕೋಬಿ ಬ್ರಯಂಟ್ 81 ಅಂಕ ಗಳಿಸಿದ ಪಂದ್ಯದಲ್ಲಿ ಅವರ ಎಸೆತಗಳು 46, ಫ್ರೀ ಥ್ರೋಗಳು 20. ಫಲವತ್ತತೆ ಸುಮಾರು 74. ಈ ಒಂದು ಅಳತೆಯಲ್ಲಿ ಎಂಬತ್ತೊಂದು ನೂರನ್ನು ಮೀರಿಸುತ್ತದೆ. ಆದರೆ ಬ್ರಯಂಟ್ ಅವರಿಗೆ ಏಳು ಮೂರಂಕದ ಗೋಲುಗಳ ನೆರವಿತ್ತು. ಚೇಂಬರ್ಲೇನ್ ಅವರ ಕಾಲದಲ್ಲಿ ಆ ರೇಖೆಯೇ ಇರಲಿಲ್ಲ. 0.44 ಎಂಬ ಗುಣಕವೂ ಇತ್ತೀಚಿನ ನಿಯಮಗಳ ಆಟದಿಂದ ಪಡೆದದ್ದು. 1962ಕ್ಕೆ ಅದು ಅಂದಾಜು ಮಾತ್ರ.

ಅದೇ ಅಳತೆಯನ್ನು ತಂಡಗಳಿಗೆ ಹಿಡಿದಾಗ ಇನ್ನೊಂದು ಸಂಗತಿ ಹೊರಬೀಳುತ್ತದೆ. ವಾರಿಯರ್ಸ್ ತಂಡದ್ದು ಸುಮಾರು 61, ನಿಕ್ಸ್ ತಂಡದ್ದು 54. ಚೇಂಬರ್ಲೇನ್ ಅವರನ್ನು ಲೆಕ್ಕದಿಂದ ತೆಗೆದು, ಉಳಿದ ವಾರಿಯರ್ಸ್ ಆಟಗಾರರ 69 ಅಂಕಗಳನ್ನಷ್ಟೇ ನೋಡಿದರೂ ಸುಮಾರು 57 ಬರುತ್ತದೆ. ಎಂದರೆ, ಒಬ್ಬನೇ ಗೆಲ್ಲಿಸಿದ ಪಂದ್ಯವೆಂದು ಪ್ರಸಿದ್ಧವಾದ ಇದರಲ್ಲಿ ಉಳಿದವರೂ ಎದುರಾಳಿಗಳಿಗಿಂತ ಚೆನ್ನಾಗಿಯೇ ಎಸೆದಿದ್ದರು. ಗೈ ರಾಜರ್ಸ್ 20 ಅಸಿಸ್ಟ್ ಕೊಟ್ಟರು. ಅಲ್ ಆಟಲ್ಸ್ ಅವರ ಸಾಲಂತೂ ಕಣ್ಣಿಗೆ ಹಬ್ಬ: ಎಸೆತ ಎಂಟು, ಗೋಲು ಎಂಟು, ಫ್ರೀ ಥ್ರೋ ಒಂದು, ಅದೂ ಯಶಸ್ವಿ. ಒಂದೂ ತಪ್ಪದ ಆ ರಾತ್ರಿಯನ್ನು ಯಾರೂ ಗಮನಿಸದಂತಾದದ್ದನ್ನು ಅವರು ಮುಂದೆ ನಗುತ್ತಲೇ ನೆನೆಯುತ್ತಿದ್ದರು.

ಪಟ್ಟಿಯಲ್ಲಿ ಇಲ್ಲದಿರುವುದರ ಕಡೆಗೂ ಗಮನ ಹರಿಸಬೇಕು. ಎದುರಾಳಿಯ ಎಸೆತವನ್ನು ಗಾಳಿಯಲ್ಲಿಯೇ ತಡೆಯುವ ‘ಬ್ಲಾಕ್’, ಚೆಂಡನ್ನು ಕಸಿಯುವ ‘ಸ್ಟೀಲ್’ ಇವನ್ನು ಎನ್.ಬಿ.ಎ. ಅಧಿಕೃತವಾಗಿ ಎಣಿಸತೊಡಗಿದ್ದು 1973–74ರಲ್ಲಿ. ರೀಬೌಂಡುಗಳನ್ನು ಆಕ್ರಮಣದವು, ರಕ್ಷಣೆಯವು ಎಂದು ಬೇರ್ಪಡಿಸಿದ್ದೂ ಆಗಲೇ. ಆಟಗಾರ ಚೆಂಡನ್ನು ವ್ಯರ್ಥವಾಗಿ ಕಳೆದುಕೊಂಡ ಲೆಕ್ಕ ಬಂದದ್ದು 1977–78ರಲ್ಲಿ. ಚೇಂಬರ್ಲೇನ್ 1973ರಲ್ಲಿ ನಿವೃತ್ತರಾದರು. ಎಸೆತಗಳನ್ನು ತಡೆಯುವುದರಲ್ಲಿ ಸರಿಸಾಟಿಯಿಲ್ಲದವರೆಂದು ಸಮಕಾಲೀನರು ಕೊಂಡಾಡಿದ ಚೇಂಬರ್ಲೇನ್ ಮತ್ತು ಅವರ ಪ್ರತಿಸ್ಪರ್ಧಿ ಬಿಲ್ ರಸೆಲ್ ಇಬ್ಬರ ಹೆಸರಿನಲ್ಲಿಯೂ ಅಧಿಕೃತ ದಾಖಲೆಯ ಪ್ರಕಾರ ಒಂದೂ ಬ್ಲಾಕ್ ಇಲ್ಲ. ಹರ್ಷಿಯಲ್ಲಿ ನಿಕ್ಸ್ 147 ಅಂಕ ಗಳಿಸಿದಾಗ ವಾರಿಯರ್ಸ್ ತಂಡದ ರಕ್ಷಣೆ ಹೇಗಿತ್ತು, ಬೆಂಚಿನಿಂದ ಬಂದು 26 ಎಸೆತಗಳಲ್ಲಿ 16 ಗೋಲು ಮಾಡಿದ ಬಕ್ನರ್ ಅವರನ್ನು ಯಾರು ಕಾಯುತ್ತಿದ್ದರು ಎಂಬುದಕ್ಕೆ ಈ ಪಟ್ಟಿಯಲ್ಲಿ ಉತ್ತರವಿಲ್ಲ.

ವ್ಯಕ್ತಿಯ ಸಂಖ್ಯೆ ಮತ್ತು ತಂಡದ ಗೆಲುವು ಎಷ್ಟು ದೂರ ಸರಿಯಬಲ್ಲವೆಂಬುದಕ್ಕೆ ಆ ಋತುವೇ ಸಾಕ್ಷಿ. ಚೇಂಬರ್ಲೇನ್ 80 ಪಂದ್ಯಗಳಲ್ಲಿ 4,029 ಅಂಕ ಗಳಿಸಿದರು, ಸರಾಸರಿ 50.4. ಪಂದ್ಯವೊಂದಕ್ಕೆ ಸರಾಸರಿ 48.5 ನಿಮಿಷ ಆಡಿದರು. ನಲವತ್ತೆಂಟು ನಿಮಿಷದ ಆಟದಲ್ಲಿ ಇದು ಹೇಗೆ ಸಾಧ್ಯವೆಂದು ಕೇಳಬಹುದು. ಸಮಬಲವಾದಾಗ ಆಡಿಸುವ ಹೆಚ್ಚುವರಿ ಅವಧಿಗಳೇ ಇದಕ್ಕೆ ಕಾರಣ. ಅದೇ ಋತುವಿನಲ್ಲಿ ರಸೆಲ್ ಅವರ ಸರಾಸರಿ 18.9 ಮಾತ್ರ. ಆದರೂ ಆಟಗಾರರೇ ಮತ ಹಾಕಿ ಆರಿಸುತ್ತಿದ್ದ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ರಸೆಲ್ ಅವರಿಗೆ ಸಂದಿತು. ಅವರ ಬಾಸ್ಟನ್ ತಂಡ 60 ಪಂದ್ಯ ಗೆದ್ದರೆ ವಾರಿಯರ್ಸ್ 49 ಗೆದ್ದಿತ್ತು. ಪೂರ್ವ ವಿಭಾಗದ ಅಂತಿಮ ಸರಣಿಯ ಏಳನೆಯ ಪಂದ್ಯದಲ್ಲಿ ಬಾಸ್ಟನ್ ಎರಡೇ ಅಂಕಗಳಿಂದ, 109–107ರಲ್ಲಿ, ವಾರಿಯರ್ಸ್ ತಂಡವನ್ನು ಹಿಂದಿಕ್ಕಿತು. ಅಂಗಣದಲ್ಲಿ ಎದುರು ನಿಂತು ಆಡಿದವರು ಕಂಡದ್ದಕ್ಕೂ ಪಟ್ಟಿ ಬರೆದದ್ದಕ್ಕೂ ನಡುವೆ ಇಷ್ಟು ಅಂತರವಿತ್ತು. ಇದರಲ್ಲಿ ಯಾವುದು ಸರಿಯೆಂಬ ಚರ್ಚೆ ಇನ್ನೂ ಮುಗಿದಿಲ್ಲ. ಬಾಸ್ಟನ್ ತಂಡದಲ್ಲಿ ರಸೆಲ್ ಅವರ ಜೊತೆಗಿದ್ದವರ ಗುಣಮಟ್ಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಅದು ಮುಗಿಯುವಂಥದೂ ಅಲ್ಲ.

ಪಟ್ಟಿಯನ್ನು ಬರೆದವರ ಬಗ್ಗೆ ಒಂದು ಮಾತು ಅಗತ್ಯ. ವಾರಿಯರ್ಸ್ ತಂಡದ ಪ್ರಚಾರ ಮತ್ತು ಅಂಕಿಅಂಶಗಳ ಹೊಣೆ ಹೊತ್ತಿದ್ದ ಹಾರ್ವಿ ಪೊಲಾಕ್ ಅಂದು ಅಂಕಿಗಳನ್ನು ದಾಖಲಿಸುವುದರ ಜೊತೆಗೆ ಎರಡು ಸುದ್ದಿಸಂಸ್ಥೆಗಳಿಗೂ ಫಿಲಡೆಲ್ಫಿಯದ ಒಂದು ಪತ್ರಿಕೆಗೂ ವರದಿ ಕಳಿಸುತ್ತಿದ್ದರು. ದೊಡ್ಡ ಪತ್ರಿಕೆಗಳ ಪ್ರತಿನಿಧಿಗಳು ಅಲ್ಲಿಗೆ ಬಂದೇ ಇರಲಿಲ್ಲ. ಪಂದ್ಯ ಮುಗಿದಮೇಲೆ ಛಾಯಾಚಿತ್ರಕ್ಕೆ ಏನಾದರೊಂದು ಗುರುತು ಬೇಕಾದಾಗ ಕಾಗದದ ಹಾಳೆಯೊಂದರ ಮೇಲೆ 100 ಎಂದು ಬರೆದು ಚೇಂಬರ್ಲೇನ್ ಅವರ ಕೈಗಿತ್ತವರೂ ಪೊಲಾಕ್ ಅವರೇ. ಜಗತ್ತಿನಾದ್ಯಂತ ಪರಿಚಿತವಾದ ಆ ಚಿತ್ರವನ್ನು ತೆಗೆದವರು, ಮಗನೊಡನೆ ಪಂದ್ಯ ನೋಡಲು ಬಂದಿದ್ದ ಪಾಲ್ ವ್ಯಾಥಿಸ್ ಎಂಬ ಸುದ್ದಿ ಛಾಯಾಗ್ರಾಹಕರು. ಪಟ್ಟಿಗೆ ಹೊರತಾದ ಇನ್ನೊಂದು ಸಾಕ್ಷ್ಯ ಆಕಾಶವಾಣಿಯದು. ಬಿಲ್ ಕ್ಯಾಂಬೆಲ್ ಅವರ ನೇರ ವಿವರಣೆಯಲ್ಲಿ ಕೊನೆಯ ಕ್ವಾರ್ಟರಿನ ಭಾಗವನ್ನು, ಅದು ಮರುಪ್ರಸಾರವಾದಾಗ, ವಿದ್ಯಾರ್ಥಿಯೊಬ್ಬ ಧ್ವನಿಮುದ್ರಿಸಿಕೊಂಡಿದ್ದ. 2016ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಆ ಧ್ವನಿಮುದ್ರಿಕೆಯನ್ನು ಸಂರಕ್ಷಿತ ದಾಖಲೆಗಳ ಸಾಲಿಗೆ ಸೇರಿಸಿತು.

ನೂರನೆಯ ಅಂಕ ಬಂದದ್ದು ಪಂದ್ಯ ಮುಗಿಯಲು 46 ಸೆಕೆಂಡುಗಳಿದ್ದಾಗ. ಬುಟ್ಟಿಯ ಬಳಿ ನಿಂತಿದ್ದ ಚೇಂಬರ್ಲೇನ್ ಅವರಿಗೆ ಆ ಪಾಸ್ ಕೊಟ್ಟವರು ಬದಲಿ ಆಟಗಾರ ಜೋ ರಕ್ಲಿಕ್. ಜನ ಅಂಗಣಕ್ಕೆ ನುಗ್ಗಿದರು. ಪಟ್ಟಿಯಲ್ಲಿ ರಕ್ಲಿಕ್ ಅವರ ಸಾಲು ಹೀಗಿದೆ: ಎಸೆತ ಒಂದು, ಗೋಲು ಸೊನ್ನೆ, ಫ್ರೀ ಥ್ರೋ ಎರಡು, ಯಶಸ್ವಿಯಾದುದು ಸೊನ್ನೆ, ಅಂಕ ಸೊನ್ನೆ, ಅಸಿಸ್ಟ್ ಒಂದು.